ಮನೆಯ ಮುಂದಿನ ಹೊಂಗೆ ಮತ್ತು ಅದನ್ನು ಸವರಿದ ಎರಡು ತಂಡಗಳು

ದಾವಣಗೆರೆಯಲ್ಲಿ ಮನೆಮುಂದಿನ ಮರವನ್ನು ಸವರಿಸಲು ಆಳುಗಳು ಸಿಗುವುದು ಕಷ್ಟದ ಮಾತಲ್ಲ. ಮಳೆಗಾಲಕ್ಕೆ ಮುಂಚಿನ ಒಂದು ತಿಂಗಳು ಕೊಡಲಿ, ಹಗ್ಗ, ಏಣಿಗಳನ್ನು ಲಗೇಜು ಆಟೋಕ್ಕೆ ಏರಿಸಿಕೊಂಡು ಬಡಾವಣೆಗಳಲ್ಲಿ ತಿರುಗುವವರು ತಾವಾಗಿಯೇ ಗೇಟು ತಟ್ಟಿ ಕೇಳುತ್ತಾರೆ. ಅವರು ಹೋದ ಮೇಲೆ ಉಳಿಯುವ ಮರ ಹೇಗಿರುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡುವುದು ಮಾತ್ರ ಕಷ್ಟ. ಮೂರು ವರ್ಷಗಳ ಅಂತರದಲ್ಲಿ ಒಂದೇ ಹೊಂಗೆ ಮರಕ್ಕೆ ಎರಡು ಬೇರೆ ಬೇರೆ ತಂಡಗಳಿಂದ ಕೆಲಸ ಮಾಡಿಸಿದ್ದರಿಂದ, ಎರಡು ಕೆಲಸಗಳ ಪರಿಣಾಮವನ್ನೂ ಒಂದೇ ಬೊಡ್ಡೆಯ ಮೇಲೆ ನೋಡುವ ಅವಕಾಶ ನನಗೆ ಒದಗಿತು. ಮೊದಲ ತಂಡದ ಬಗ್ಗೆ ನನಗೆ ದೂರು ಇದೆ. ಎರಡನೆಯದರ ಬಗ್ಗೆ ಮೆಚ್ಚುಗೆ ಇದೆ, ಕೆಲವು ಆಕ್ಷೇಪಗಳೂ ಇವೆ. ಇಂಥ ತಂಡಗಳಿಗೆ ಬೋರ್ಡಾಗಲಿ ಬಿಲ್ಲು ಪುಸ್ತಕವಾಗಲಿ ಇರುವುದಿಲ್ಲ, ಆಳುಗಳೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತಾರೆ. ಆದ್ದರಿಂದ ಹೆಸರು ಹೇಳುವುದನ್ನು ಬಿಟ್ಟು, ಕೆಲಸವನ್ನು ಗುರುತಿಸುವುದು ಹೇಗೆಂಬುದನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ನಮ್ಮ ಮನೆ ವಿದ್ಯಾನಗರದ ಕಡೆಯ ಒಂದು ಅಡ್ಡರಸ್ತೆಯಲ್ಲಿದೆ. ಮರವಿರುವುದು ಕಾಂಪೌಂಡಿನ ಹೊರಗೆ, ಚರಂಡಿಗೂ ಡಾಂಬರಿಗೂ ನಡುವಿನ ಇಕ್ಕಟ್ಟಾದ ಪಟ್ಟಿಯಲ್ಲಿ. ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದ 1997ರ ಆಸುಪಾಸಿನಲ್ಲಿ ಅದನ್ನು ನೆಟ್ಟರೆಂದು ಬೀದಿಯ ಹಿರಿಯರು ಹೇಳುತ್ತಾರೆ. ನಾವು ಮನೆ ಕಟ್ಟಿಸಿದಾಗ ಅದಿನ್ನೂ ಮುಳ್ಳುಬೇಲಿಯೊಳಗಿನ ಆಳೆತ್ತರದ ಗಿಡ. ಬೀದಿಗೆ ಹೊಂಗೆಯನ್ನು ಆರಿಸಿದವರ ವಿವೇಕವನ್ನು ನಾನು ಈಗಲೂ ಒಪ್ಪುತ್ತೇನೆ. ಚಳಿಗಾಲದ ಕೊನೆಯಲ್ಲಿ ಎಲೆ ಉದುರಿಸಿ ಕೆಲವೇ ದಿನ ಬರಿದಾಗಿ ನಿಲ್ಲುವ ಈ ಮರ ಯುಗಾದಿಯ ಹೊತ್ತಿಗೆ ಹೊಸ ತಳಿರನ್ನು ತುಂಬಿಕೊಂಡು, ಬಿಸಿಲು ಏರುವ ಕಾಲಕ್ಕೆ ಸರಿಯಾಗಿ ದಟ್ಟ ನೆರಳನ್ನು ಕೊಡುತ್ತದೆ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ಮಾತಿನ ಅರ್ಥ ನಮ್ಮ ಕಡೆಯ ಏಪ್ರಿಲ್ ತಿಂಗಳಿನಲ್ಲಿ ಮಧ್ಯಾಹ್ನ ಬಸ್ಸಿಳಿದು ಮನೆಗೆ ನಡೆದು ಬಂದವರಿಗೆ ಬೇಗ ತಿಳಿಯುತ್ತದೆ.

ಆದರೆ ಮಡಿಲು ತಾರಸಿಯ ಮೇಲೆ ಬಂದು ಕೂತಾಗ ತೊಂದರೆ ಶುರುವಾಯಿತು. ಪೂರ್ವದ ಟೊಂಗೆಗಳು ಸೋಲಾರ್ ಹೀಟರಿಗೆ ಬೆಳಗಿನ ಬಿಸಿಲು ಬೀಳದಂತೆ ಮಾಡಿದವು. ಉದುರಿದ ಎಲೆ ಮತ್ತು ಒಣಕಾಯಿಗಳು ತಾರಸಿಯ ನೀರು ಇಳಿಯುವ ಪೈಪಿನ ಬಾಯಿಯನ್ನು ಮುಚ್ಚಿ, ಒಂದು ಮಳೆಗಾಲದಲ್ಲಿ ಮಲಗುವ ಕೋಣೆಯ ಸೂರು ಪೂರ್ತಿ ಒದ್ದೆಯಾಯಿತು. ಬೀದಿದೀಪ ಎಲೆಗಳೊಳಗೆ ಹುದುಗಿಹೋಗಿ, ಬೆಳಕೆಲ್ಲ ಮರಕ್ಕೆ, ಕತ್ತಲೆಯೆಲ್ಲ ರಸ್ತೆಗೆ ಎಂಬಂತಾಗಿತ್ತು. ಎಲ್ಲಕ್ಕಿಂತ ಆತಂಕದ ಸಂಗತಿಯೆಂದರೆ, ಉತ್ತರಕ್ಕೆ ಚಾಚಿದ ಒಂದು ಟೊಂಗೆಯ ತುದಿ 11 ಕೆ.ವಿ. ತಂತಿಯ ಹತ್ತಿರಕ್ಕೆ ಬೆಳೆದಿತ್ತು. ಗಾಳಿ ಬೀಸಿದ ರಾತ್ರಿ ಅಲ್ಲಿ ಕಿಡಿ ಕಾಣುತ್ತಿತ್ತು.

2022ರ ಮೇ ತಿಂಗಳಲ್ಲಿ ಮೊದಲ ತಂಡ ಬಂದದ್ದು ಹೀಗೆ ಗೇಟು ತಟ್ಟಿಯೇ. ಮೂವರು ಆಳುಗಳು, ಎರಡು ಕೊಡಲಿ, ಒಂದು ಮಚ್ಚು, ತೆಂಗಿನ ನಾರಿನ ಒಂದು ಹಗ್ಗ. ಮರವನ್ನು ಅರ್ಧ ನಿಮಿಷ ನೋಡಿ, “ಮ್ಯಾಲೆ ಎಲ್ಲಾ ಬೋಳಿಸಿ ಬಿಡ್ತೀವಿ ನೋಡ್ರಿ, ಐದು ವರ್ಷ ಈ ಕಡೆ ನೋಡಂಗಿಲ್ಲ” ಎಂದರು. ಕೂಲಿ 2,500 ರೂಪಾಯಿ, ಕಟ್ಟಿಗೆ ಅವರಿಗೆ. ಇತರರು ಕೇಳಿದ್ದಕ್ಕಿಂತ ಇದು ಬಹಳ ಕಡಿಮೆಯೆಂದು ನಾನು ಹಿಗ್ಗಿ ಒಪ್ಪಿಕೊಂಡೆ. ಆ ಕಡಿಮೆಯ ಹಿಂದಿನ ಲೆಕ್ಕ ನನಗೆ ತಿಳಿದದ್ದು ಸಂಜೆಗೆ, ಆಟೋ ತುಂಬಿದ ಮೇಲೆ. ಕಟ್ಟಿಗೆಯೇ ಸಂಬಳದ ದೊಡ್ಡ ಪಾಲಾದಾಗ ಕೊಡಲಿ ಹೋಗುವುದು ತಂತಿಗೆ ತಾಗುವ ಸಣ್ಣ ರೆಂಬೆಯ ಕಡೆಗಲ್ಲ, ತೂಕ ಬರುವ ದಪ್ಪ ಟೊಂಗೆಯ ಕಡೆಗೆ. ತಾರಸಿಯ ಮೇಲೆ ಬಾಗಿದ್ದ ತೆಳು ರೆಂಬೆಗಳಲ್ಲಿ ಎಷ್ಟೋ ಹಾಗೆಯೇ ಉಳಿದಿದ್ದವು. ಯಾರಿಗೂ ತೊಂದರೆ ಕೊಡದೆ ರಸ್ತೆಗೆ ನೆರಳು ಕೊಡುತ್ತಿದ್ದ, ತೊಡೆಗಾತ್ರದ ನಡುಟೊಂಗೆಗಳು ಆಟೋದಲ್ಲಿದ್ದವು. ತಂತಿಯ ಹತ್ತಿರದ ಟೊಂಗೆಯನ್ನು ಅವರು ಮುಟ್ಟಲೇ ಇಲ್ಲ. ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತೆನ್ನಿ, ಯಾಕೆಂದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತಲೇ ಇತ್ತು.

ಕಡಿದ ರೀತಿಯೂ ಹೇಳಬೇಕಾದದ್ದೇ. ಕೆಳಗಿನಿಂದ ಗಾಯ ಮಾಡಿಕೊಳ್ಳದೆ ಮೇಲಿನಿಂದಲೇ ಕೊಡಲಿ ಹಾಕುತ್ತಾ ಹೋದದ್ದರಿಂದ, ಟೊಂಗೆ ಅರ್ಧ ಕಡಿಯುವಷ್ಟರಲ್ಲಿ ತನ್ನ ಭಾರಕ್ಕೆ ತಾನೇ ಮುರಿದು, ಬೀಳುವಾಗ ಬೊಡ್ಡೆಯ ಮೇಲಿನ ತೊಗಟೆಯನ್ನು ಎರಡು ಅಡಿ ಉದ್ದ ಸೀಳಿಕೊಂಡು ಬಂತು. ಇನ್ನುಳಿದ ಕಡೆಗಳಲ್ಲಿ ಕೈ ಎಟುಕಿದಲ್ಲಿ ಕಡಿದು ಮೊಳದುದ್ದದ ಮೋಟುಗಳನ್ನು ಬಿಟ್ಟಿದ್ದರು. ಕೊನೆಗೆ ಒಬ್ಬಾತ ಪಕ್ಕದ ಮನೆಯಿಂದ ಸಗಣಿ ಇಸಿದುಕೊಂಡು ಗಾಯಗಳಿಗೆ ಮೆತ್ತಿದ. ಆ ಮುತುವರ್ಜಿಯನ್ನು ಕಂಡು ನಾನು ಇನ್ನೂ 200 ರೂಪಾಯಿ ಹೆಚ್ಚಾಗಿ ಕೊಟ್ಟೆನೆಂಬುದನ್ನು ಈಗ ನೆನೆದರೆ ನಗು ಬರುತ್ತದೆ.

ಅದರ ಫಲ ಮೂರು ಕಂತುಗಳಲ್ಲಿ ಕೈಸೇರಿತು. ಮೊದಲ ಬೇಸಿಗೆಯಲ್ಲಿ ಮನೆ ಕಾವಲಿಯಂತೆ ಕಾಯಿತು. ಎರಡನೆಯ ವರ್ಷ ಪ್ರತಿಯೊಂದು ಮೋಟಿನ ಸುತ್ತಲೂ ಹತ್ತು ಹನ್ನೆರಡು ಚಿಗುರುಗಳು ಒಟ್ಟಿಗೆ ಎದ್ದು, ಮರ ತಲೆಕೆಳಗಾಗಿ ನಿಲ್ಲಿಸಿದ ಪೊರಕೆಗಳ ಕಟ್ಟಿನಂತೆ ಕಂಡಿತು. ಎಲೆಯೇ ಮರದ ಅಡುಗೆಮನೆ. ಅದನ್ನು ಒಮ್ಮೆಲೇ ಕಿತ್ತುಕೊಂಡಾಗ ಮರ ಕೂಡಿಟ್ಟ ಆಹಾರವನ್ನೆಲ್ಲ ಖರ್ಚು ಮಾಡಿ, ತೊಗಟೆಯ ಕೆಳಗೆ ಮಲಗಿದ್ದ ಮೊಗ್ಗುಗಳನ್ನು ಎಬ್ಬಿಸಿ, ಅವಸರದಲ್ಲಿ ಎಲೆ ಹೊರಡಿಸುತ್ತದೆ. ಹಾಗೆ ಬಂದ ಚಿಗುರು ಬೇಗ ಬೆಳೆಯುತ್ತದೆ, ಆದರೆ ಮೂಲ ಟೊಂಗೆಯಂತೆ ಅದರ ಬುಡ ಮರದ ತಿರುಳಿನವರೆಗೆ ಹೆಣೆದುಕೊಂಡಿರುವುದಿಲ್ಲ. ಹೊರಗಿನ ಪದರಕ್ಕಷ್ಟೇ ಅಂಟಿಕೊಂಡಿರುತ್ತದೆ. 2024ರ ಮುಂಗಾರು ಪೂರ್ವದ ಗುಡುಗು ಮಳೆಯಲ್ಲಿ ಅಂಥದ್ದೇ ಒಂದು ಚಿಗುರು, ಅಷ್ಟು ಹೊತ್ತಿಗೆ ಮುಂಗೈಗಾತ್ರ ಬೆಳೆದಿದ್ದದ್ದು, ಬುಡಸಮೇತ ಕಳಚಿಕೊಂಡು ಎದುರು ಮನೆಯವರ ಸ್ಕೂಟರಿನ ಮೇಲೆ ಬಿತ್ತು. ಐದು ವರ್ಷದ ಭರವಸೆ ಎರಡು ವರ್ಷಕ್ಕೆ ಮುಗಿದಿತ್ತು. ಸೋಲಾರ್ ಹೀಟರಿನ ನೆರಳು ಮೊದಲಿಗಿಂತ ದಟ್ಟವಾಗಿತ್ತು.

ಎರಡನೆಯ ಕೆಲಸಕ್ಕೆ ಹೊರಡುವ ಮುನ್ನ ಕಾನೂನಿನ ಮಾತೊಂದನ್ನು ಹೇಳಬೇಕು, ಏಕೆಂದರೆ ಮೊದಲ ಸಲ ನಾನೇ ಅದನ್ನು ಮೀರಿದ್ದೆ. ಬೀದಿಮರ ಮನೆಯವರದಲ್ಲ. ಅದಕ್ಕಿಂತ ಮುಖ್ಯವಾಗಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ‘ಮರ ಕಡಿಯುವುದು’ ಎಂಬ ಮಾತಿಗೆ ಬುಡ ಕತ್ತರಿಸುವುದಷ್ಟೇ ಅರ್ಥವಲ್ಲ. ಟೊಂಗೆ ಸವರುವುದು, ತಲೆ ಬೋಳಿಸುವುದು, ತೊಗಟೆ ಸುಲಿಯುವುದು, ಸುಡುವುದು, ವಿಷ ಹಾಕುವುದು ಎಲ್ಲವೂ ಅದರೊಳಗೆ ಬರುತ್ತವೆ. ಇವುಗಳಿಗೆ ವೃಕ್ಷಾಧಿಕಾರಿಯ, ಅಂದರೆ ಆ ಕೆಲಸಕ್ಕೆ ನೇಮಕವಾದ ಅರಣ್ಯಾಧಿಕಾರಿಯ, ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ತೆಂಗು, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆಯಾದರೂ ನಮ್ಮ ಬೀದಿಯ ಹೊಂಗೆ ಆ ಸಾಲಿನದಲ್ಲ. ಮನೆಯ ಮುಂದಿನದಲ್ಲವೇ, ನಾಲ್ಕು ಟೊಂಗೆ ತೆಗೆದರೆ ಯಾರು ಕೇಳುತ್ತಾರೆ ಎಂಬುದು ಎಲ್ಲ ಬಡಾವಣೆಗಳಲ್ಲೂ ಕೇಳಿಬರುವ ಮಾತು. ನಾನೂ ಹಾಗೆಯೇ ತಿಳಿದಿದ್ದೆ.

ಈ ಸಲ ನಾಲ್ಕು ದಿಕ್ಕಿನಿಂದ ತೆಗೆದ ಫೋಟೋ, ತೊಂದರೆಯ ವಿವರ ಮತ್ತು ಮರವಿರುವ ಜಾಗದ ಕೈನಕ್ಷೆಯನ್ನು ಲಗತ್ತಿಸಿ ಅರ್ಜಿ ಕೊಟ್ಟೆ, ಒಂದು ಪ್ರತಿಯನ್ನು ಮಹಾನಗರ ಪಾಲಿಕೆಗೂ ಸಲ್ಲಿಸಿದೆ. ಸಿಬ್ಬಂದಿ ಬಂದು ಎದೆಮಟ್ಟದಲ್ಲಿ ಬೊಡ್ಡೆಯ ಸುತ್ತಳತೆ ತೆಗೆದುಕೊಂಡು, ಯಾವ ಟೊಂಗೆಗಳು ಎಂದು ಕೇಳಿ ಬರೆದುಕೊಂಡು ಹೋದರು. ಅನುಮತಿ ಕೈಗೆ ಬರಲು ಐದು ವಾರ ಹಿಡಿಯಿತು. ಮಳೆ ಬರುವ ಹಿಂದಿನ ವಾರ ಎಚ್ಚೆತ್ತುಕೊಳ್ಳುವವರಿಗೆ ಇದು ವಿಳಂಬವೆನಿಸಬಹುದು; ದೀಪಾವಳಿ ಕಳೆದೊಡನೆ ಅರ್ಜಿ ಹಾಕಿದ್ದರಿಂದ ನನಗೆ ಅದು ಅಡ್ಡಿಯಾಗಲಿಲ್ಲ.

ಎರಡನೆಯ ತಂಡದ ಸುಳಿವು ಸಿಕ್ಕಿದ್ದು ಹದಡಿ ರಸ್ತೆಯ ಕಡೆಯ ಒಂದು ನರ್ಸರಿಯಲ್ಲಿ. ಮೇಸ್ತ್ರಿ ಚನ್ನಗಿರಿ ತಾಲ್ಲೂಕಿನವರು, ಅಡಕೆ ಕೊಯ್ಲಿನ ಮನೆತನದವರು. ಮರ ಹತ್ತುವುದರಲ್ಲಿ ನುರಿತವರೇ ಇರಬೇಕು ಎಂದು ನಾನು ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಹಿಡಿಸಿತು: “ಅಡಕೆ ಮರಕ್ಕೆ ಟೊಂಗೆ ಎಲ್ಲೈತ್ರಿ? ಹತ್ತೋದು ಅಲ್ಲಿ ಕಲ್ತೆ. ಸವರೋದು ಮಾವಿನ ತೋಟದಾಗ ಕಲ್ತೆ.” ಅವರು ಮೊದಲ ದಿನ ಬಂದದ್ದು ಬರಿಗೈಯಲ್ಲಿ. ಮರದ ಸುತ್ತ ಎರಡು ಸಲ ನಡೆದು, ತಾರಸಿಗೆ ಹತ್ತಿ, ಮತ್ತೆ ಇಳಿದು ಎದುರು ಮನೆಯ ಗೇಟಿನಿಂದ ನೋಡಿ, ನಿಮಗೆ ಯಾವುದರ ತೊಂದರೆ ಎಂದು ಒಂದೊಂದಾಗಿ ಕೇಳಿದರು. ಹೀಟರಿಗೆ ಎಷ್ಟು ಗಂಟೆಯ ಬಿಸಿಲು ಬೇಕೆಂದು ಕೇಳಿದ ಮೇಲೆ, ಅದಕ್ಕೆ ಅಡ್ಡವಾಗಿರುವ ಎರಡೇ ಟೊಂಗೆಗಳನ್ನು ಬೆರಳು ಮಾಡಿ ತೋರಿಸಿದರು. ನಾನು ಐದು ತೆಗೆಯಬೇಕೆಂದು ಲೆಕ್ಕ ಹಾಕಿದ್ದೆ.

ಈ ತಂಡದ ಗುಣವನ್ನು ನಾನು ಅಳೆಯುವುದು ಅವರು ಮಾಡಲೊಪ್ಪದ ಕೆಲಸಗಳಿಂದ. ರಸ್ತೆಯ ಕಡೆಯ ಹಿರಿಟೊಂಗೆಯೊಂದನ್ನು ತೆಗೆಯಿರಿ ಎಂದು ಮನೆಯಲ್ಲಿ ಒತ್ತಾಯವಿತ್ತು. ಅದು ತೆಗೆದರೆ ಮರದ ತೂಕ ಮನೆಯ ಕಡೆಗೇ ವಾಲುತ್ತದೆ, ಗಾಳಿಗೆ ಬಿದ್ದರೆ ತಾರಸಿಯ ಮೇಲೇ ಬೀಳುತ್ತದೆ ಎಂದು ಅವರು ನಿರಾಕರಿಸಿದರು. ಒಂದೇ ಸಲಕ್ಕೆ ಎಲೆಯ ಕಾಲುಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ ಎಂದರು. ಹಿಂದಿನ ಸಲ ಮುಕ್ಕಾಲು ಹೋಗಿರುವುದರಿಂದ ಈ ಸಲ ಅದಕ್ಕಿಂತಲೂ ಕಡಿಮೆ ಎಂದರು. ನಡುವಿನ ಒಂದು ರೆಂಬೆಯಲ್ಲಿ ಅಂಗೈಯಗಲದ ಕೋಲುಜೇನಿನ ತಟ್ಟಿ ಇತ್ತು. ಅದರ ಸುತ್ತಲಿನ ಒಂದು ಮಾರು ಜಾಗವನ್ನು ಬಿಟ್ಟೇ ಕೆಲಸ ಮಾಡುವುದಾಗಿ ಹೇಳಿ, ಹಾಗೆಯೇ ಮಾಡಿದರು. ತಂತಿಯ ಕಡೆಯ ಟೊಂಗೆಯನ್ನಂತೂ ಎಲ್‌ಸಿ ಸಿಗುವವರೆಗೆ ಮುಟ್ಟುವುದಿಲ್ಲವೆಂದು ಖಂಡಿತವಾಗಿ ಹೇಳಿದರು. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಕೆಲಸ ಮಾಡುವಷ್ಟು ಹೊತ್ತು ಆ ಮಾರ್ಗದ ವಿದ್ಯುತ್ತನ್ನು ಅಧಿಕೃತವಾಗಿ ನಿಲ್ಲಿಸಿ ಲೈನ್‌ಮನ್‌ಗಳು ಪಡೆಯುವ ಅನುಮತಿ.

ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟಿನದು. ಕಂಬದ ತುದಿಯಲ್ಲಿ ಹರಿಯುವುದು 11,000 ವೋಲ್ಟು. ಹಸಿ ಟೊಂಗೆಯಲ್ಲಿ ನೀರಿರುವುದರಿಂದ ಅದು ತಂತಿಗೂ ಮರದ ಮೇಲಿರುವ ಮನುಷ್ಯನಿಗೂ ನಡುವೆ ದಾರಿಯಾಗಬಲ್ಲದು. ರಬ್ಬರ್ ಚಪ್ಪಲಿ ಹಾಕಿಕೊಂಡು ಬಿದಿರಿನ ದೋಟಿಯಿಂದ ಎಳೆದರೆ ಸಾಕೆಂದು ತಿಳಿದವರು ನಮ್ಮ ಬೀದಿಯಲ್ಲೇ ಇದ್ದಾರೆ, 11 ಕೆ.ವಿ.ಗೆ ಆ ಚಪ್ಪಲಿ ಲೆಕ್ಕಕ್ಕಿಲ್ಲ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯಲ್ಲಿವೆ. ತಂತಿಗೆ ಟೊಂಗೆ ತಾಗುತ್ತಿದ್ದರೆ 1912 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಭಾಗದ ಲೈನ್‌ಮನ್ ದಿನ ಗೊತ್ತುಮಾಡಿ ಬಂದು, ಪೂರೈಕೆ ನಿಂತ ಮೇಲೆ ತಂತಿಗಳಿಗೆ ಅರ್ತಿಂಗ್ ರಾಡು, ಅಂದರೆ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಸರಳು, ಸಿಕ್ಕಿಸಿ, ಆಮೇಲಷ್ಟೇ ಮೇಸ್ತ್ರಿಗೆ ಕೈಸನ್ನೆ ಮಾಡಿದರು. ತಂತಿಯ ಕಡೆಯ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಇಡೀ ಬೀದಿಗೆ ಕರೆಂಟಿಲ್ಲದ್ದರಿಂದ ಆ ಮುಕ್ಕಾಲು ಗಂಟೆ ಎಲ್ಲರೂ ಹೊರಗೆ ಬಂದು ಸಲಹೆ ಕೊಡುತ್ತಾ ನಿಂತಿದ್ದರು. ಮೇಸ್ತ್ರಿ ಒಂದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಕೆಲಸ ನಡೆದದ್ದು 2025ರ ಜನವರಿಯ ಕೊನೆಯ ವಾರ. ಆ ಕಾಲವನ್ನು ಆರಿಸಿದವರೂ ಅವರೇ: ಎಲೆ ಹಣ್ಣಾಗಿ ಉದುರತೊಡಗಿರುತ್ತದೆ, ಟೊಂಗೆಯ ಜಾಡು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಕಡಿದ ಗಾಯಕ್ಕೆ ಮಳೆನೀರು ಬೀಳುವುದಿಲ್ಲ, ಇನ್ನೊಂದೆರಡು ತಿಂಗಳಿಗೆ ಬರುವ ತಳಿರಿನ ಶಕ್ತಿಯಲ್ಲಿ ಗಾಯ ಮುಚ್ಚತೊಡಗುತ್ತದೆ. ಕಾಗೆಗಳು ಗೂಡು ಕಟ್ಟುವ ಕಾಲ ಇನ್ನೂ ದೂರವಿರುತ್ತದೆ. ಮೇ ತಿಂಗಳಲ್ಲಿ ಮಾಡಿಸಿದರೆ ಇವೆಲ್ಲವೂ ತಿರುಗುಮುರುಗು.

ನಾಲ್ವರು ಬಂದಿದ್ದರು, ಇಬ್ಬರು ಮರದ ಮೇಲೆ, ಒಬ್ಬ ಹಗ್ಗದ ಬಳಿ, ಒಬ್ಬ ರಸ್ತೆಯಲ್ಲಿ ವಾಹನ ತಡೆಯಲು. ಒಂದು ಚೈನ್ ಸಾ, ಎರಡು ಬಾಗಿದ ಕೈಗರಗಸ, ನೈಲಾನ್ ಹಗ್ಗ, ಕಬ್ಬಿಣದ ರಾಟೆ, ಸೊಂಟದ ಬೆಲ್ಟು. ಕೊಡಲಿ ಇರಲಿಲ್ಲ. ದಪ್ಪ ಟೊಂಗೆಯೊಂದನ್ನು ಅವರು ತೆಗೆದ ಕ್ರಮವನ್ನು ನಾನು ತಾರಸಿಯಿಂದ ಪೂರ್ತಿ ನೋಡಿದೆ. ಮೊದಲು ಟೊಂಗೆಯ ತುದಿಯ ಕಡೆಗೆ ಹಗ್ಗ ಬಿಗಿದು, ಅದನ್ನು ಮೇಲಿನ ಕವಲಿನಲ್ಲಿ ಕಟ್ಟಿದ ರಾಟೆಯ ಮೂಲಕ ಹಾಯಿಸಿ ಕೆಳಗಿನವನ ಕೈಗೆ ಕೊಟ್ಟರು. ಬೊಡ್ಡೆಯಿಂದ ಒಂದು ಅಡಿ ದೂರದಲ್ಲಿ, ಟೊಂಗೆಯ ಕೆಳಗಿನಿಂದ ಕಾಲುಭಾಗ ಆಳಕ್ಕೆ ಗರಗಸ ಹಾಕಿದರು. ಅದಕ್ಕಿಂತ ನಾಲ್ಕು ಬೆರಳು ಆಚೆಗೆ ಮೇಲಿನಿಂದ ಕೊಯ್ದರು. ಟೊಂಗೆ ಮುರಿಯುವಾಗ ತೊಗಟೆಯ ಸೀಳು ಕೆಳಗಿನ ಕೊಯ್ತದವರೆಗೆ ಬಂದು ಅಲ್ಲಿಯೇ ನಿಂತಿತು. ತೂಕವೆಲ್ಲ ಹಗ್ಗದ ಮೇಲೆ ಬಿದ್ದು, ಟೊಂಗೆ ನಿಧಾನವಾಗಿ, ಬಾವಿಗೆ ಕೊಡ ಇಳಿಸಿದಂತೆ, ರಸ್ತೆಗೆ ಇಳಿಯಿತು. ಆಮೇಲೆ ಉಳಿದ ಒಂದು ಅಡಿಯ ಮೋಟನ್ನು ಮೂರನೆಯ ಕೊಯ್ತದಲ್ಲಿ ತೆಗೆದರು. ಮೊದಲ ತಂಡ ಬಿಟ್ಟದ್ದು ಈ ಮೂರನೆಯದನ್ನು, ಸೀಳಿಗೆ ಕಾರಣವಾದದ್ದು ಮೊದಲನೆಯದು ಇಲ್ಲದಿದ್ದದ್ದು.

ಮೂರನೆಯ ಕೊಯ್ತ ಎಲ್ಲಿ ಎಂಬುದರಲ್ಲಿಯೇ ಈ ವಿದ್ಯೆಯ ಮುಕ್ಕಾಲು ಪಾಲು ಇದೆ. ಟೊಂಗೆ ಬೊಡ್ಡೆಗೆ ಕೂಡುವಲ್ಲಿ ತುಸು ಉಬ್ಬಿದ, ಸುಕ್ಕುಗಟ್ಟಿದ ಒಂದು ಸುತ್ತು ಇರುತ್ತದೆ. ಮೇಸ್ತ್ರಿ ಅದನ್ನು ಬಳೆ ಎನ್ನುತ್ತಾರೆ. ಬಳೆಯನ್ನು ಬಿಟ್ಟು ಅದರ ಹೊರಅಂಚಿಗೆ ಸರಿಯಾಗಿ ಕೊಯ್ಯಬೇಕು: ಬೊಡ್ಡೆಗೆ ನುಣ್ಣಗೆ ಒತ್ತಿ ಕೊಯ್ದರೆ ಬಳೆಯೇ ಹೋಗಿ ಗಾಯ ದೊಡ್ಡದಾಗುತ್ತದೆ, ಮೋಟು ಬಿಟ್ಟರೆ ಅದು ಒಣಗಿ ಕೊಳೆತು ಕೊಳೆ ಒಳಗೆ ಇಳಿಯುತ್ತದೆ. ಗಾಯವನ್ನು ಮುಚ್ಚುವ ಜೀವಕೋಶಗಳು ಹೊರಡುವುದು ಆ ಬಳೆಯಿಂದಲೇ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶಿಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ ತೋರಿಸಿಕೊಟ್ಟದ್ದು ಇದನ್ನೇ: ಮರ ನಮ್ಮ ಚರ್ಮದಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಮುಚ್ಚಿಹಾಕಿ ಹೊಸ ಮರ ಬೆಳೆಸಿಕೊಳ್ಳುತ್ತದೆ. ಚನ್ನಗಿರಿಯ ಮೇಸ್ತ್ರಿ ಆ ಹೆಸರನ್ನು ಕೇಳಿದವರಲ್ಲ. ಮಾವಿನ ತೋಟದಲ್ಲಿ ಯಾವ ಮೋಟು ಕೊಳೆಯಿತು, ಯಾವುದು ಮುಚ್ಚಿಕೊಂಡಿತು ಎಂದು ನೋಡಿ ನೋಡಿ ಅಲ್ಲಿಗೇ ತಲುಪಿದ್ದರು.

ಗಾಯಕ್ಕೆ ಏನಾದರೂ ಹಚ್ಚಬೇಡವೇ ಎಂದು ನಾನು ಕೇಳಿದೆ. ಅಡಕೆಯ ನಾಡಿನವರಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಕೊಳೆರೋಗಕ್ಕೆ ಮಾಡುವ ಬೋರ್ಡೋ ಔಷಧಿ ಹೊಸದಲ್ಲ. ಬೇಕಾದರೆ ಅದರ ಮುಲಾಮು ಹಚ್ಚುತ್ತೇನೆ, ಆದರೆ ಬಿಸಿಲುಗಾಲದಲ್ಲಿ ನೇರ ಕೊಯ್ತಕ್ಕೆ ಅದರ ಅಗತ್ಯವಿಲ್ಲ ಎಂದರು. ಡಾಂಬರು, ಪೇಂಟು, ಸಗಣಿಗಳನ್ನು ಬೇಡವೇ ಬೇಡವೆಂದರು. ಒಳಗೆ ತೇವ ನಿಂತು ಕೊಳೆಗೆ ಅನುಕೂಲವಾಗುತ್ತದೆ ಎಂಬುದು ಅವರ ಕಾರಣ. ಹಿಂದಿನ ಸಗಣಿಯ ಗಾಯವೊಂದನ್ನು ಉಗುರಿನಿಂದ ಕೆರೆದು ತೋರಿಸಿದಾಗ ಒಳಗಿನ ಮರ ನೆನೆದ ಮಂಡಕ್ಕಿಯಂತೆ ಮೆತ್ತಗಾಗಿತ್ತು. ಎರಡು ಅಡಿಯ ಸೀಳಿನ ಸುತ್ತ ಸತ್ತ ತೊಗಟೆಯನ್ನಷ್ಟೇ ಚಾಕುವಿನಿಂದ ಬಿಡಿಸಿ ತೆಗೆದು, ಇದಕ್ಕಿಂತ ಹೆಚ್ಚಿನದನ್ನು ಯಾರೂ ಮಾಡಲಾರರು, ಮರವೇ ನೋಡಿಕೊಳ್ಳಬೇಕು ಎಂದರು.

ಪೊರಕೆಯಂತೆ ಎದ್ದಿದ್ದ ಚಿಗುರುಗಳ ವಿಷಯದಲ್ಲಿ ಅವರು ತೋರಿದ ತಾಳ್ಮೆ ನನಗೆ ಹೊಸದು. ಎಲ್ಲವನ್ನೂ ಸವರಿಬಿಡಿ ಎಂದು ನಾನು ಹೇಳಿದರೂ, ಪ್ರತಿ ಮೋಟಿನಲ್ಲಿ ಚೆನ್ನಾಗಿ ಬುಡ ಹಿಡಿದ ಒಂದೆರಡನ್ನು ಉಳಿಸಿ, ಉಳಿದವುಗಳಲ್ಲಿ ಅರ್ಧವನ್ನು ಮಾತ್ರ ತೆಗೆದರು. ಉಳಿಸಿದ್ದು ಮುಂದೆ ಟೊಂಗೆಯಾಗುತ್ತದೆ. ಎಲ್ಲ ತೆಗೆದರೆ ಮತ್ತೆ ಹನ್ನೆರಡು ಬರುತ್ತವೆ. ಒಂದು ದಿನದ ಕೊಡಲಿಯ ಕೆಲಸವನ್ನು ಸರಿಪಡಿಸಲು ಮೂರು ನಾಲ್ಕು ಸಲದ ಗರಗಸದ ಕೆಲಸ ಬೇಕು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವೇ ಆಯಿತು, ಮುಖ್ಯವಾಗಿ ಪ್ರತಿ ಸಲವೂ ಹಣ ಕೊಡಬೇಕಾದವನು ನಾನಾದ್ದರಿಂದ.

ಹಣದ ವಿಷಯ: ಎರಡು ದಿನದ ಕೆಲಸಕ್ಕೆ 7,500 ರೂಪಾಯಿ. ಬುಡದ ಸುತ್ತ ಯಾವ ಕಾಲದಲ್ಲೋ ಹಾಕಿದ್ದ ಕಾಂಕ್ರೀಟನ್ನು ಒಡೆದು ತೆಗೆಯಲು ಇನ್ನೂ 800. ಈ ಕಾಂಕ್ರೀಟಿನ ಮಾತು ಬಂದಾಗ ಹೇಳಬಹುದಾದದ್ದೆಂದರೆ, ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ಬೊಡ್ಡೆಯ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿಲ್ಲದಂತೆ ಬಿಡಬೇಕೆಂದು ಆದೇಶಿಸಿತ್ತು. ನಮ್ಮ ಮರಕ್ಕೆ ಒಂದು ಗೇಣೂ ಇರಲಿಲ್ಲ. ಸಿಮೆಂಟಿನ ಅಂಚು ಬೊಡ್ಡೆಯನ್ನು ಉಂಗುರದಂತೆ ಕಚ್ಚಿತ್ತು. ಚರಂಡಿಯ ಕಡೆಗೆ ಒಂದು ಮೀಟರ್ ಸಿಗಲಿಲ್ಲವಾದರೂ ಉಳಿದ ಮೂರು ಕಡೆ ಸಾಧ್ಯವಾದಷ್ಟು ಬಿಡಿಸಿದರು.

ಕಟ್ಟಿಗೆಯ ಬಗ್ಗೆ ಅವರು ಮೊದಲೇ ಹೇಳಿದ್ದ ಮಾತು ನನಗೆ ಅತ್ಯಂತ ಮುಖ್ಯವೆನಿಸಿತು: ಕೂಲಿ ಹಣದಲ್ಲಿ ಮಾತ್ರ, ಕಟ್ಟಿಗೆಗೂ ನಮಗೂ ಸಂಬಂಧವಿಲ್ಲ. ಬೀದಿಮರದ ಕಟ್ಟಿಗೆ ಮನೆಯವರು ಮಾರಿಕೊಳ್ಳುವಂಥದ್ದಲ್ಲವಾದ್ದರಿಂದ, ಅಳತೆಯಾಗುವವರೆಗೆ ದಪ್ಪ ತುಂಡುಗಳನ್ನು ಗೋಡೆಯ ಬದಿಗೆ ಜೋಡಿಸಿಟ್ಟೆವು. ಇನ್ನೂ ಉದುರದೆ ಉಳಿದಿದ್ದ ಸೊಪ್ಪಿಗೆ ಮಾತ್ರ ಬೇರೆಯೇ ಬೇಡಿಕೆ ಬಂತು. ಭದ್ರಾ ನಾಲೆಯ ಬೇಸಿಗೆ ನೀರಿಗೆ ಗದ್ದೆಗಳಲ್ಲಿ ನಾಟಿ ನಡೆಯುವ ಹೊತ್ತದು. ಹೊಂಗೆಸೊಪ್ಪನ್ನು ಕೆಸರಿಗೆ ತುಳಿದರೆ ಒಳ್ಳೆಯ ಹಸಿರುಗೊಬ್ಬರ. ಹರಿಹರದ ಕಡೆಯ ರೈತರೊಬ್ಬರು ಮೇಸ್ತ್ರಿಯ ಫೋನಿಗೆ ಬಂದು, ಅರ್ಧ ಟ್ರೈಲರ್ ಸೊಪ್ಪನ್ನು ಒಂದು ಎಲೆ ಬಿಡದಂತೆ ಗುಡಿಸಿಕೊಂಡು ಹೋದರು. ರಸ್ತೆ ಗುಡಿಸುವ ಖರ್ಚು ಉಳಿಯಿತು.

ಇನ್ನು ಆಕ್ಷೇಪಗಳು. ಬೆಳಿಗ್ಗೆ ಏಳಕ್ಕೆ ಬರುವುದಾಗಿ ಹೇಳಿ ಎರಡು ದಿನವೂ ಒಂಬತ್ತೂವರೆಗೆ ಬಂದರು, ಅದರಲ್ಲಿ ಒಂದು ದಿನ ದೋಸೆ ತಿಂದು ಬಂದೆವೆಂದು ಸಂಕೋಚವಿಲ್ಲದೆ ಹೇಳಿದರು. ಮರ ಹತ್ತುವವರಿಗೆ ಬೆಲ್ಟು, ಹೆಲ್ಮೆಟ್ಟು ಇದ್ದವು. ಟೊಂಗೆ ಇಳಿಯುವ ಜಾಗದಲ್ಲಿ ನಿಂತ ಕೆಳಗಿನಿಬ್ಬರಿಗೆ ಹೆಲ್ಮೆಟ್ಟು ಇರಲಿಲ್ಲ, ಮಧ್ಯಾಹ್ನ ನಾನು ನನ್ನ ಸ್ಕೂಟರಿನದನ್ನು ಕೊಟ್ಟೆ. ಇದು ಸಣ್ಣ ತಪ್ಪಲ್ಲ. ಯಾರಾದರೂ ಬಿದ್ದರೆ, ಯಾರ ತಲೆಗಾದರೂ ಏಟು ಬಿದ್ದರೆ ಭರಿಸುವ ವಿಮೆ ಯಾವುದೂ ಅವರಿಗಿಲ್ಲ. ಕೇಳಿದಾಗ, ದೇವರಿದ್ದಾನೆ ಎಂದು ಮಾತು ಮುಗಿಸಿದರು. ಈ ಒಂದು ಕಾರಣಕ್ಕೆ ನನ್ನ ಶಿಫಾರಸಿನಲ್ಲಿ ನಾನು ಸ್ವಲ್ಪ ಹಿಂಜರಿಯುತ್ತೇನೆ. ಅಡ್ಡಗೋಡೆಯ ಮೇಲಿನ ದಾಸವಾಳದ ಕುಂಡವೊಂದು ಒಡೆಯಿತು, ಅದಕ್ಕೆ 150 ರೂಪಾಯಿ ಕಡಿಮೆ ಮಾಡಿಕೊಂಡರು. ಚರಂಡಿಗೆ ಬಿದ್ದ ಗರಗಸದ ಹೊಟ್ಟನ್ನು ತೆಗೆಯದೆ ಹೋದದ್ದರಿಂದ ಮರುದಿನ ನಾನೇ ತೆಗೆಯಬೇಕಾಯಿತು. ರಸೀದಿ ಕೇಳಿದಾಗ ನನ್ನ ಡೈರಿಯ ಹಾಳೆಯಲ್ಲೇ ಮೊತ್ತ ಬರೆದು ಸಹಿ ಮಾಡಿಕೊಟ್ಟರು.

ಈ ಬರಹ ಬರೆಯುತ್ತಿರುವುದು ಕೆಲಸವಾಗಿ ಏಳು ತಿಂಗಳ ಮೇಲೆ, ಒಂದು ಬೇಸಿಗೆ ಮತ್ತು ಒಂದು ಮುಂಗಾರನ್ನು ನೋಡಿಯಾದ ನಂತರ. ಮಾರ್ಚಿನಲ್ಲಿ ತಳಿರು ಎಂದಿನಂತೆ ಬಂತು. ಹೀಟರಿಗೆ ಬೆಳಗಿನ ಎಂಟರಿಂದ ಬಿಸಿಲು ಬೀಳುತ್ತದೆ, ನಡುಹಗಲಿನ ನೆರಳು ಮಲಗುವ ಕೋಣೆಯ ಮೇಲೆ ಹಾಗೆಯೇ ಇದೆ. ಬೀದಿದೀಪದ ಬೆಳಕು ರಸ್ತೆಗೆ ಇಳಿಯುತ್ತಿದೆ. ಮೇ ತಿಂಗಳ ಗಾಳಿಮಳೆಯಲ್ಲಿ ಹಿಂದಿನ ಬೀದಿಯ ಗುಲ್‌ಮೊಹರ್ ಒಂದು ನಡುವೆಯೇ ಮುರಿದಾಗಲೂ ನಮ್ಮ ಮರದಿಂದ ಬಿದ್ದದ್ದು ಒಣಕಡ್ಡಿಗಳು ಮಾತ್ರ. ಕೊಯ್ತಗಳ ಸುತ್ತ ಹೊಸ ತೊಗಟೆಯ ದಪ್ಪ ಅಂಚು ಎದ್ದು, ಸಣ್ಣ ಗಾಯಗಳು ಗುಂಡಿಯಷ್ಟೇ ಉಳಿದಿವೆ. 2022ರ ಮೋಟುಗಳಲ್ಲಿ ಎರಡು ಟೊಳ್ಳಾಗಿವೆ. ಒಂದರಲ್ಲಿ ಗಿಳಿಗಳು ಇಣುಕಿ ನೋಡಿ ಹೋಗುತ್ತಿವೆ. ಕೋಲುಜೇನು ಹೂವಿನ ಕಾಲ ಮುಗಿಯುವವರೆಗೆ ಇದ್ದು, ಮಳೆಗೆ ಮುಂಚೆ ಎದ್ದುಹೋಯಿತು.

ತಾರಸಿಯ ಪೈಪಿಗೆ ನಾನೊಂದು ಜಾಲರಿ ಹಾಕಿಸಿದ್ದೇನೆ, 60 ರೂಪಾಯಿಯದು; ಅದನ್ನು 2022ರಲ್ಲೇ ಹಾಕಿಸಬಹುದಿತ್ತು. ಮುಂದಿನ ಸುತ್ತಿನ ಚಿಗುರು ತೆಗೆಯಲು ಮೇಸ್ತ್ರಿ 2027ರ ಜನವರಿಗೆ ಬರುವುದಾಗಿ ಹೇಳಿ, ಆಗ ನೋಡಬೇಕಾದ ಟೊಂಗೆಗಳಿಗೆ ಸುಣ್ಣದ ಗುರುತು ಹಾಕಿ ಹೋಗಿದ್ದಾರೆ. ಮಳೆಗೆ ಗುರುತು ಅರ್ಧ ಅಳಿಸಿದೆ. ಫೋಟೋ ತೆಗೆದಿಟ್ಟುಕೊಂಡಿದ್ದೇನೆ, ಹೊಸ ಅನುಮತಿಯ ಅರ್ಜಿಗೆ ಅದನ್ನೇ ಲಗತ್ತಿಸಬೇಕು.